ಅಜ್ಜಿಯ ಹಾಡು ಕಲಿಸುವ ಮಾತು

ಮಕ್ಕಳೇ, ಮೊದಲು ಒಂದು ಆಟ. ಗೆಳತಿಯನ್ನು ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿ. ಅವಳಿಗೆ ಚೆನ್ನಾಗಿ ಗೊತ್ತಿರುವ ಎರಡು ಹಾಡು ಆರಿಸಿಕೊಳ್ಳಿ. ಹೊರಗೆ ನಿಂತು ಒಂದನ್ನು ರಾಗವಿಲ್ಲದೆ ಮೆಲ್ಲಗೆ ಹೇಳಿ, ಇನ್ನೊಂದನ್ನು ಅಷ್ಟೇ ಮೆಲ್ಲಗೆ ಹಾಡಿ. ಯಾವುದನ್ನು ಅವಳು ಬೇಗ ಗುರುತಿಸಿದಳು?

ಹಾಡಿದ್ದನ್ನೇ ಇರಬೇಕು. ಸ, ಶ, ಟ, ಕ ಇಂಥ ಚೂಪು ಸದ್ದುಗಳನ್ನು ಬಾಗಿಲು ಬಹುಪಾಲು ತಡೆದುಬಿಡುತ್ತದೆ. ದನಿಯ ಏರಿಳಿತ ಮಾತ್ರ ದಾಟಿ ಬರುತ್ತದೆ. ಅಮ್ಮನ ಹೊಟ್ಟೆಯೂ ಇಂಥದೇ ಬಾಗಿಲು. ಕೊನೆಯ ಮೂರು ತಿಂಗಳು ಒಳಗಿನ ಕೂಸಿಗೆ ಅಮ್ಮನ ಮಾತು ಮಾತಾಗಿ ಕೇಳಿಸುವುದಿಲ್ಲ, ರಾಗವಾಗಿ ಕೇಳಿಸುತ್ತದೆ. 2009ರಲ್ಲಿ ವಿಜ್ಞಾನಿಗಳು ಹುಟ್ಟಿ ಕೆಲವೇ ದಿನವಾದ 60 ಕೂಸುಗಳ ಅಳುವನ್ನು ಧ್ವನಿಮುದ್ರಿಸಿ ನೋಡಿದರು. ಫ್ರೆಂಚ್ ಮನೆಯ ಕೂಸುಗಳ ಅಳು ಹೆಚ್ಚಾಗಿ ಮೇಲಕ್ಕೆ ಏರುತ್ತಿತ್ತು, ಜರ್ಮನ್ ಮನೆಯವುಗಳದು ಕೆಳಕ್ಕೆ ಇಳಿಯುತ್ತಿತ್ತು. ಅವರವರ ಅಮ್ಮಂದಿರ ನುಡಿಯ ಧಾಟಿಯೂ ಹಾಗೆಯೇ! ಒಂದು ಪದವೂ ಬಾರದ ಕೂಸು ತಾಯ್ನುಡಿಯ ರಾಗದಲ್ಲಿ ಅಳುತ್ತದೆ.

ಈಗ ನಮ್ಮ ಸೀಮೆಗೆ ಬನ್ನಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕಡೆ ಲಂಬಾಣಿ ತಾಂಡಾಗಳಿವೆ. ಅಲ್ಲಿನ ಮನೆಮಾತು ಗೋರ್ ಬೋಲಿ. ಅದು ಕನ್ನಡದ ಬಳಗದ್ದಲ್ಲ, ದೂರದ ರಾಜಸ್ಥಾನದ ನುಡಿಗಳ ನಂಟಿನದು. ಅಮ್ಮ ಅಲ್ಲಿ 'ಯಾಡಿ', ನೀರು 'ಪಾಣಿ'. ಆ ಮಾತಿಗೆ ತನ್ನದೇ ಲಿಪಿಯಿಲ್ಲ. ಹಾಗಾದರೆ ಇಷ್ಟು ಕಾಲ ಅದು ಉಳಿದದ್ದು ಎಲ್ಲಿ? ನನ್ನನ್ನು ಕೇಳಿದರೆ, ಬಹುಪಾಲು ಹಾಡಿನಲ್ಲಿ.

ತೀಜ್ ಹಬ್ಬವನ್ನೇ ನೋಡಿ. ಮದುವೆಯಾಗದ ಹುಡುಗಿಯರು ಪುಟ್ಟ ಬುಟ್ಟಿಗಳಲ್ಲಿ ಮಣ್ಣು ಗೊಬ್ಬರ ತುಂಬಿ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ಹಾಡುತ್ತಾ ನೀರುಣಿಸುತ್ತಾರೆ. ಕಾಳು ನೀರು ಹೀರಿ ಉಬ್ಬುತ್ತದೆ, ಮೊದಲು ಬೇರು ಇಳಿಯುತ್ತದೆ, ಆಮೇಲೆ ಮೊಳಕೆ ಏಳುತ್ತದೆ. ಹುಡುಗಿಯ ಕಣ್ಣು ಸಸಿಯ ಮೇಲೆ, ಕೈ ನೀರಿನ ಚೊಂಬಿನ ಮೇಲೆ, ಕಿವಿ ಅಕ್ಕಂದಿರ ಹಾಡಿನ ಮೇಲೆ. ನೀರು ಎಂಬ ಪದ ಬಾಯಿಗೆ ಬರುವ ಹೊತ್ತಿಗೇ ನೀರು ಕೈಯಲ್ಲೂ ಇರುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ಗೊತ್ತಿಲ್ಲ.

ಹಾಡಿನಲ್ಲಿ ಪದ ಮರೆಯುವುದು ಕಷ್ಟ, ಯಾಕೆ ಗೊತ್ತೇ? ತಾಳದಲ್ಲಿ ಪ್ರತಿ ಪದಕ್ಕೂ ಒಂದು ಜಾಗವಿದೆ. ಒಂದು ಬಿಟ್ಟುಹೋದರೆ, ಸಾಲಿನಲ್ಲಿ ಒಬ್ಬ ಎದ್ದುಹೋದಂತೆ, ಅಲ್ಲಿ ಖಾಲಿ ಕಾಣುತ್ತದೆ. ಆ ಖಾಲಿಗೆ ಎಷ್ಟು ಉದ್ದದ ಪದ ಬೇಕು ಎಂದು ತಾಳ ಹೇಳುತ್ತದೆ, ಎಂಥ ಸದ್ದಿನದು ಎಂದು ಪ್ರಾಸ ಹೇಳುತ್ತದೆ. ಇನ್ನೊಂದು ಸೋಜಿಗವಿದೆ. ತಾಂಡಾದ ನಗಾರಿ ನಂಗಾರಾ ಬಡಿಯುವುದನ್ನು ನೀವು ಅಲುಗಾಡದೆ ಕೂತು ಕೇಳಿದರೂ, ಮಿದುಳಿನಲ್ಲಿ ಕೈಕಾಲು ಆಡಿಸುವ ಭಾಗಗಳು ಎಚ್ಚರಗೊಳ್ಳುತ್ತವೆ.

ಮನೆಮಾತನ್ನು ಬೇಗ ಕೇಳಿಸಿಕೊಂಡಷ್ಟೂ ಒಳ್ಳೆಯದು. ಕೆನಡಾದ ಜಾನೆಟ್ ವರ್ಕರ್ ಎಂಬ ವಿಜ್ಞಾನಿ ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವಕ್ಕೆ ಅದು ತಪ್ಪಿಹೋಗಿತ್ತು, ಮನೆಯಲ್ಲಿ ಆ ಸದ್ದುಗಳು ಕಿವಿಗೆ ಬೀಳದ ಕಾರಣಕ್ಕೆ.

ಅದೇ ಕೆನಡಾದಲ್ಲಿ ಕ್ರೀ ಎಂಬ ಮೂಲನಿವಾಸಿಗಳಿದ್ದಾರೆ. ಅವರ ಮಕ್ಕಳನ್ನು ಹಿಂದೆ ಮನೆಯಿಂದ ಕರೆದೊಯ್ದು ವಸತಿಶಾಲೆಗಳಲ್ಲಿ ಇಟ್ಟರು, ತಾಯ್ನುಡಿ ಆಡಿದರೆ ಶಿಕ್ಷಿಸಿದರು. ಅಜ್ಜಿಯ ದನಿ ಮೊಮ್ಮಕ್ಕಳ ಕಿವಿಗೆ ತಲುಪದೇ ಹೋಯಿತು. ಈಗ ಅವರು ಡೋಲು ಹಿಡಿದು ಹಾಡುತ್ತಾ ಚಿಕ್ಕವರಿಗೆ ಕ್ರೀ ಕಲಿಸುತ್ತಿದ್ದಾರೆ.

ನಮ್ಮ ತಾಂಡಾಗಳಿಂದಲೂ ಅಪ್ಪ ಅಮ್ಮ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಎಂದು ಗುಳೆ ಹೋಗುತ್ತಾರೆ. ಎಷ್ಟೋ ಮಕ್ಕಳು ಅಜ್ಜಿಯ ಜೊತೆ ಉಳಿಯುತ್ತಾರೆ. ಆ ತಿಂಗಳುಗಳಲ್ಲಿ ಮನೆಮಾತು ಕಿವಿಗೆ ಬೀಳುವುದು ಅಜ್ಜಿಯ ಬಾಯಿಂದ, ರಾತ್ರಿ ಮಲಗುವಾಗ. ದೀಪಾವಳಿಗೆ ಊರಿಗೆ ಬರುವವರು ಬರುತ್ತಾರೆ. ಅಮಾವಾಸ್ಯೆಯ ಕತ್ತಲಲ್ಲಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ 'ಮೇರಾ' ಹಾಡಿ ಹಿರಿಯರಿಗೆ ಹಬ್ಬದ ಶುಭ ಕೋರುತ್ತಾರೆ. ಹೊಸ್ತಿಲಲ್ಲಿ ನಿಂತ ಅವ್ವ, ತಾನಿಲ್ಲದಾಗ ಮಗಳು ಕಲಿತ ಹಾಡನ್ನು ಆಗ ಕೇಳುತ್ತಾಳೆ.