ಕಲ್ಲಿನಡಿಯ ತೇವ



ದತ್ತಿ ಉಪನ್ಯಾಸ ಕೊಡುವವನು ತನ್ನ ತಪ್ಪಿನಿಂದ ಶುರುಮಾಡುವ ವಾಡಿಕೆ ಇಲ್ಲ. ನನಗೆ ಬೇರೆ ದಾರಿ ಕಾಣಲಿಲ್ಲ. ಕಾಲೇಜಿನ ದಿನಗಳಲ್ಲಿ ನಮ್ಮ ಶಿಬಿರದವರು ಹೊಸಪೇಟೆ ಕಡೆಯ ಒಂದು ಗುಡ್ಡದಲ್ಲಿ ಸಸಿ ನೆಡಲು ಹೋದೆವು. ಬಂದರಿಕೆ ಪೊದೆಗಳನ್ನು ಕಳೆಯೆಂದು ಕಿತ್ತೆವು. ಕಲ್ಲು ಆಯ್ದು ಒಂದು ಕಡೆ ಗುಡ್ಡೆ ಹಾಕಿದೆವು. ಗುದ್ದಲಿ ಒಂದು ಗೇಣು ಇಳಿಯುವಷ್ಟರಲ್ಲಿ ಠಣ್ ಅನ್ನುತ್ತಿತ್ತು. ಆಡು ಮೇಯಿಸುತ್ತಿದ್ದ ಅಜ್ಜ ನಿಂತು ನೋಡಿ, “ಕಲ್ಲು ಯಾಕ ತೆಗದ್ರಿ ತಮ್ಮಾ? ಮಣ್ಣು ನಿಂದ್ರಂಗಿಲ್ಲ” ಅಂದ. ನಕ್ಕೆವು. ಮರುವರ್ಷ ಹೋದಾಗ ನೀಲಗಿರಿ ಸಸಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಗುಂಡಿಯಿಂದ ಗುಂಡಿಗೆ ಕೊರಕಲು ಬಿದ್ದಿತ್ತು.

ಆ ಗುಡ್ಡದ್ದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರು ಹೊತ್ತು ಅಲ್ಲಿಂದ ಹಂಪಿಯ ಕಡೆಗೆ ಹಬ್ಬಿದ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಬಿರುಕಿಗೆ ನೀರಿಳಿದು ಅದರೊಳಗಿನ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕರಗದ ಸ್ಫಟಿಕ ಮರಳಾಗಿ ಉಳಿಯುತ್ತದೆ, ಕಬ್ಬಿಣದ ಅಂಶ ಕೆಂಪು ಬಣ್ಣ ಕೊಡುತ್ತದೆ. ಇಷ್ಟಾಗಲು ತಲೆಮಾರುಗಳು ಸಾಲವು. ಆದ ಮಣ್ಣಿನಲ್ಲಿ ನುಣುಪಾದದ್ದನ್ನು ಮಳೆ ಕೆಳಗಿಳಿಸುತ್ತದೆ. ನೆತ್ತಿಯಲ್ಲಿ ಗರಸು, ಇಳಿಜಾರಿನಲ್ಲಿ ತೆಳು ಮಸಾರಿ, ಬುಡದಲ್ಲಿ ಜಿಗಟು ಮಣ್ಣು. ಹಿರಿಯರು ಕೆರೆ ಕಟ್ಟಿದ್ದು ಬುಡದಲ್ಲಿ, ಸುಮ್ಮನೆ ಅಲ್ಲ.

ಮಳೆ ನಿಂತು ವಾರವಾದ ಮೇಲೆ ಇಂಥ ಇಳಿಜಾರಿನಲ್ಲಿ ಅಂಗೈಯಗಲದ ಕಲ್ಲೊಂದನ್ನು ಎತ್ತಿ ನೋಡಿ. ಪಕ್ಕದ ಬರಿ ಮಣ್ಣು ಹೆಪ್ಪುಗಟ್ಟಿ ಹಪ್ಪಳದಂತೆ ಸೆಟೆದಿರುತ್ತದೆ. ಕಲ್ಲಿನಡಿಯದು ಮಾತ್ರ ಕಪ್ಪಗೆ, ತಣ್ಣಗೆ. ನಾಲ್ಕು ಗೆದ್ದಲು, ಕೂದಲಿನಂಥ ಬಿಳಿ ಬೇರು. ಹನಿಯ ಹೊಡೆತವನ್ನೂ ಬಿಸಿಲನ್ನೂ ಕಲ್ಲು ತಾನು ತಿಂದು, ನೀರನ್ನು ಅಂಚಿಗೆ ಜಾರಿಸಿಬಿಡುತ್ತದೆ. ಹಾಸುಬಂಡೆಯ ಬಿರುಕಿನದು ಇನ್ನೂ ಸೊಗಸು. ಆ ಸೀಮೆಯ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್. ಆದರೆ ಸುತ್ತಣ ಬಂಡೆಯ ನೀರೆಲ್ಲ ಹರಿದು ಬರುವ ಬಿರುಕಿಗೆ ಮಲೆನಾಡಿನ ಮಳೆಯೇ ಸಿಕ್ಕಂತೆ! ಬಂಡೆ ಸಂದಿಯಲ್ಲಿ ಮಾಗಳಿ ಬೇರು ದಪ್ಪಗೆ ಬೆಳೆಯುವ ಗುಟ್ಟು ಇದು. ಅದರ ಉಪ್ಪಿನಕಾಯಿಯ ಘಮಕ್ಕೆ ಮನಸೋತು ಅಗೆದೂ ಅಗೆದೂ ಈಗ ಬಳ್ಳಿಯೇ ಅಪರೂಪವಾಗಿದೆ.

ಪಹಣಿಯಲ್ಲಿ ಇಂಥ ನೆಲಕ್ಕೆ ‘ಖರಾಬು’ ಎಂದು ಹೆಸರು. ಹೆಸರು ಕೆಟ್ಟ ಮೇಲೆ ಕ್ವಾರಿಗೆ ಕೊಡಲು ಯಾರಿಗೂ ಅಳುಕಿಲ್ಲ. 1994ರಲ್ಲಿ ಕರಡಿಧಾಮವಾದ ದರೋಜಿಯಲ್ಲೂ ಇರುವುದು ಇದೇ ಜಾತಿಯ ಗುಡ್ಡ. ಕರಡಿ ಅಲ್ಲಿ ಗೆದ್ದಲು ಬಗೆದು, ಬಾರೆ, ಕಾರೆ, ಉಲುಪಿ ಹಣ್ಣು ತಿಂದು, ಬೀಜವನ್ನು ಗೊಬ್ಬರದ ಸಮೇತ ಬಿತ್ತುತ್ತಾ ಹೋಗುತ್ತದೆ. ಕೂಲಿ ಕೇಳುವುದಿಲ್ಲ.

ಗುಡ್ಡ ಬೋಳಾದದ್ದಕ್ಕೆಲ್ಲ ಆಡನ್ನು ಬೈಯುವುದು ನಮಗೆ ರೂಢಿ. ಒಂದೇ ಗುಡ್ಡಕ್ಕೆ ವರ್ಷವಿಡೀ ಮಂದೆ ನುಗ್ಗಿದರೆ ಕೇಡು, ನಿಜ. ಆದರೆ ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಬಂದರಿಕೆ ಬಗ್ಗುವುದಿಲ್ಲ. ಅಂಟಂಟಾದ ಅದರ ಎಲೆಗೆ ಆಡು ಅಷ್ಟಾಗಿ ಬಾಯಿ ಹಾಕದು. ಆ ಪೊದೆಯ ಮರೆಯಲ್ಲಿ ಮರದ ಸಸಿಗಳು ಬದುಕಿಕೊಳ್ಳುತ್ತವೆ. ಕಮರದ ಸಸಿಯಂತೂ ವರ್ಷಗಟ್ಟಲೆ ಮೇಲೆ ಒಣಗುತ್ತ, ಚಿಗುರುತ್ತ, ಒಳಗೊಳಗೇ ತಾಯಿಬೇರು ಇಳಿಸುತ್ತಿರುತ್ತದೆ. ಆ ಬಂದರಿಕೆಯನ್ನೇ ನಾವು ಕಳೆಯೆಂದು ಕಿತ್ತದ್ದು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ನಮ್ಮ ಕೊರಕಲಿಗೆ ಅಷ್ಟರಲ್ಲಿ ಬಹಳ ವಯಸ್ಸಾಗಿತ್ತು.

ಈ ಉಪನ್ಯಾಸಕ್ಕೆಂದು ಹೋದ ತಿಂಗಳು ಆ ಗುಡ್ಡ ಹತ್ತಿದೆ. ಗುಂಡಿಗಳ ಗುರುತಿಲ್ಲ. ನಾವು ಆಯ್ದು ಒಟ್ಟಿದ್ದ ಕಲ್ಲಿನ ಗುಡ್ಡೆ ಮಾತ್ರ ಹಾಗೇ ಇದೆ. ಅದರ ನಡುವಿನಿಂದ ಕಮರವೊಂದು ಎದ್ದಿದೆ, ಎರಡಾಳೆತ್ತರ.