ಕೊಳಗ ಯಾರ ಕೈಯಲ್ಲಿ?

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಕೂಡುಸಭೆಯಲ್ಲಿ ನಮ್ಮ ಪಕ್ಷದ ಸಂಘಟಕರೊಬ್ಬರು ಮಾಡಿದ ಭಾಷಣ)



ಈ ಸಂಜೆ ನಾನು ಮಾತನಾಡಬೇಕೆಂದಿರುವುದು ಮೊಬೈಲ್ ಫೋನಿನ ಆಟಗಳ ವಿಷಯ. ನಗಬೇಡಿ. ಬೋನಸ್ಸು, ತುಟ್ಟಿಭತ್ಯೆ, ಅಂಗಡಿ ಬಾಡಿಗೆ ಇವನ್ನೆಲ್ಲ ಬಿಟ್ಟು ಮಕ್ಕಳ ಆಟದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆ ಆಟಗಳನ್ನು ಕಟ್ಟುವವರೂ ದುಡಿದು ತಿನ್ನುವ ಜನವೇ. 2023ರಲ್ಲಿ ಅವರಿಗೆ ಬಿದ್ದ ಪೆಟ್ಟು ಯಾವ ಕೈಯಿಂದ ಬಂತೆಂದು ನೋಡಿದರೆ, ಅದು ನಮಗೆ ಹಳೆಯ ಪರಿಚಯದ ಕೈಯೇ ಎಂದು ತಿಳಿಯುತ್ತದೆ.

ಆಟದಲ್ಲಿ ಚೆಂಡು ನೆಲಕ್ಕೆ ಬಿದ್ದರೆ ಪುಟಿಯಬೇಕು, ಬೆಳಕಿದ್ದ ಕಡೆ ನೆರಳು ಮೂಡಬೇಕು, ಬೆರಳು ಮುಟ್ಟಿದರೆ ಬೊಂಬೆ ಓಡಬೇಕು. ಇದನ್ನೆಲ್ಲ ಪ್ರತಿಯೊಬ್ಬನೂ ಮೊದಲಿನಿಂದ ಬರೆಯುತ್ತ ಕೂತರೆ ವರ್ಷಗಳೇ ಹಿಡಿಯುತ್ತವೆ. ಅದಕ್ಕಾಗಿ ಈ ಕೆಲಸಗಳನ್ನು ಸಿದ್ಧಮಾಡಿಟ್ಟ ಸಲಕರಣೆಯೊಂದಿದೆ. ಅದಕ್ಕೆ ಗೇಮ್ ಎಂಜಿನ್ ಎನ್ನುತ್ತಾರೆ. ನೇಕಾರನಿಗೆ ಮಗ್ಗ ಹೇಗೋ ಆಟ ಕಟ್ಟುವವನಿಗೆ ಇದು ಹಾಗೆ. ಒಂದೇ ವ್ಯತ್ಯಾಸ. ಸೀರೆ ಇಳಿದ ಮೇಲೆ ಮಗ್ಗ ಮನೆಯಲ್ಲೇ ಉಳಿಯುತ್ತದೆ. ಎಂಜಿನ್ನಿನ ಒಂದು ಭಾಗ ಮಾತ್ರ ಪ್ರತಿ ಆಟದೊಳಗೂ ಸೇರಿ ಗಿರಾಕಿಯ ಫೋನಿಗೆ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಇಂತಹ ಎಂಜಿನ್ ಮಾಡುವ ದೊಡ್ಡ ಕಂಪೆನಿಗಳಲ್ಲಿ ಯೂನಿಟಿ ಒಂದು. 2004ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಹುಟ್ಟಿ, ಬಳಿಕ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಯೂರಿತು. ಸಣ್ಣವರಿಗೆ ಎಂಜಿನ್ ಪುಕ್ಕಟೆ. ದೊಡ್ಡವರು ಕೆಲಸ ಮಾಡುವ ತಲೆಗೆ ಇಷ್ಟೆಂದು ವರ್ಷದ ಹಣ ಕಟ್ಟಬೇಕು. ಆಟ ಎಷ್ಟೇ ಮಾರಾಟವಾದರೂ ಅದರಲ್ಲಿ ಪಾಲು ಕೇಳುವುದಿಲ್ಲ. ಇದು ಅದರ ವ್ಯಾಪಾರದ ಮಾತಾಗಿತ್ತು. ಇದನ್ನು ನಂಬಿ ನಾನಾ ದೇಶಗಳ ತರುಣರು ಆ ಎಂಜಿನ್ನನ್ನೇ ಕಲಿತರು, ಅದರ ಮೇಲೆಯೇ ಮೂರು ನಾಲ್ಕು ವರ್ಷ ಕೂತು ಆಟ ಕಟ್ಟಿದರು.

2023ರ ಸೆಪ್ಟೆಂಬರ್ 12ರಂದು ಕಂಪೆನಿ ಹೊಸ ಕಟ್ಟಳೆ ಹೊರಡಿಸಿತು. 2024ರ ಜನವರಿ 1ರಿಂದ, ಒಂದು ಗೊತ್ತಾದ ಮಿತಿ ದಾಟಿದ ಆಟವನ್ನು ಯಾರಾದರೂ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇಳಿಸಿಕೊಂಡರೆ, ಇಳಿಸಿಕೊಂಡ ಪ್ರತಿ ಸಲಕ್ಕೂ ಆಟ ಕಟ್ಟಿದವನು ಶುಲ್ಕ ಕೊಡಬೇಕು. ಪುಕ್ಕಟೆ ಎಂಜಿನ್ ಬಳಸುವವನಿಗೆ ಮಿತಿ ಹೀಗೆ: ಹನ್ನೆರಡು ತಿಂಗಳಲ್ಲಿ 2 ಲಕ್ಷ ಡಾಲರ್ ವರಮಾನ, ಒಟ್ಟು 2 ಲಕ್ಷ ಇಳಿಕೆ. ಇವೆರಡೂ ದಾಟಿದ ಮೇಲೆ ಶ್ರೀಮಂತ ದೇಶಗಳಲ್ಲಿ ಒಂದು ಇಳಿಕೆಗೆ 20 ಸೆಂಟ್, ಉಳಿದ ದೇಶಗಳಲ್ಲಿ 2 ಸೆಂಟ್.

ಮೇಷ್ಟರಾಗಿದ್ದವನ ಅಭ್ಯಾಸ, ಒಂದು ಲೆಕ್ಕ ಹಾಕುತ್ತೇನೆ. ಫೋನಿನ ಆಟಗಳನ್ನು ಬಹಳ ಜನ ಪುಕ್ಕಟೆ ಇಳಿಸಿಕೊಳ್ಳುತ್ತಾರೆ. ನೂರರಲ್ಲಿ ಕೆಲವರು ಮಾತ್ರ ಹಣ ಕೊಡುತ್ತಾರೆ. ಒಂದು ಆಟಕ್ಕೆ ವರ್ಷದ ವರಮಾನ 2 ಲಕ್ಷ 10 ಸಾವಿರ ಡಾಲರ್ ಎನ್ನಿ. ಮಿತಿ ದಾಟಿದ ಬಳಿಕ ಅಮೆರಿಕದಲ್ಲಿ ಇನ್ನೂ 8 ಲಕ್ಷ ಜನ ಅದನ್ನು ಇಳಿಸಿಕೊಂಡರು ಎನ್ನಿ. 8 ಲಕ್ಷವನ್ನು 20 ಸೆಂಟಿನಿಂದ ಗುಣಿಸಿದರೆ 1 ಲಕ್ಷ 60 ಸಾವಿರ ಡಾಲರ್. ಉಳಿದ 50 ಸಾವಿರದಲ್ಲಿ ಸಂಬಳ, ಬಾಡಿಗೆ, ತೆರಿಗೆ, ಎಲ್ಲವೂ ಆಗಬೇಕು. ತಪ್ಪಿಸಿಕೊಳ್ಳಬೇಕಾದರೆ ತಲೆಗೆ ವರ್ಷಕ್ಕೆ 2000 ಡಾಲರಿಗೂ ಮೇಲೆ ಕೊಟ್ಟು ದೊಡ್ಡ ಪರವಾನಗಿ ಕೊಳ್ಳಬೇಕು; ಅಲ್ಲಿ ಮಿತಿ ಹೆಚ್ಚು, ದರ ಕಡಿಮೆ. ಸಂಪಾದನೆಯ ಮೇಲೆ ತೆರಿಗೆ ಹಾಕಿದರೆ ಅದಕ್ಕೊಂದು ನ್ಯಾಯವಿದೆ. ಆದರೆ ಇದು ಅಂಗಡಿಯೊಳಕ್ಕೆ ಕಾಲಿಟ್ಟವರ ತಲೆ ಎಣಿಸಿ, ಅವರು ಸರಕು ಕೊಂಡರೋ ಬಿಟ್ಟರೋ ಕೇಳದೆ, ಅಂಗಡಿಯವನಿಂದ ವಸೂಲು ಮಾಡುವ ರೀತಿ.

ಇದಕ್ಕಿಂತಲೂ ದೊಡ್ಡದು ಅಳತೆಯ ಪ್ರಶ್ನೆ. ಎಷ್ಟು ಜನ ಇಳಿಸಿಕೊಂಡರೆಂದು ಎಣಿಸುವವರು ಯಾರು? ಕಂಪೆನಿ ತನ್ನದೇ ಒಂದು ಗುಟ್ಟಿನ ಲೆಕ್ಕದ ಕ್ರಮವಿದೆ, ಅದರಿಂದ ಅಂದಾಜು ಮಾಡುತ್ತೇವೆ ಎಂದಿತು. ಒಬ್ಬನೇ ಗಿರಾಕಿ ಅಳಿಸಿ ಮತ್ತೆ ಇಳಿಸಿದರೆ ಎರಡು ಸಲ ಶುಲ್ಕವೇ ಎಂದು ಕೇಳಿದಾಗ ಮೊದಲು ಹೌದೆಂದಿತು, ಗದ್ದಲವೆದ್ದ ಮೇಲೆ ಇಲ್ಲವೆಂದಿತು.

ಸಂಗಾತಿಗಳೇ, 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಏತಕ್ಕಾಗಿ ಸತ್ಯಾಗ್ರಹಕ್ಕೆ ಇಳಿದರು? ಗೇಣಿಯ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಅಲ್ಲವೇ? ಭೂಮಾಲೀಕನ ಕೊಳಗ ದೊಡ್ಡದು, ಅಳೆಯುವ ಕೈಯೂ ಅವನದು. ನಮ್ಮ ಸೋಷಲಿಸ್ಟ್ ಪಕ್ಷ ಅಂದು ಆ ಒಕ್ಕಲುಗಳ ಬೆನ್ನಿಗೆ ನಿಂತಿತು, ಡಾ. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಭತ್ತವಿದ್ದ ಕಡೆ ಈಗ ಫೋನಿನ ಆಟವಿದೆ. ಕೊಳಗ ಮಾತ್ರ ಉಳ್ಳವನ ಕೈಯಲ್ಲೇ ಇದೆ.

ಇನ್ನೊಂದು ಸಂಗತಿ. ನೀವು ಬಳಸುವ ಎಂಜಿನ್ನಿನ ಆವೃತ್ತಿಗೆ ಇರುವ ಷರತ್ತುಗಳನ್ನೇ ಉಳಿಸಿಕೊಳ್ಳಬಹುದು ಎಂದು 2019ರಲ್ಲಿ ಇದೇ ಕಂಪೆನಿ ಮಾತು ಕೊಟ್ಟಿತ್ತು. ಷರತ್ತು ಬದಲಾದರೆ ಎಲ್ಲರಿಗೂ ಕಾಣಲೆಂದು ಒಂದು ಬಹಿರಂಗ ಕಡತವನ್ನೂ ಇಟ್ಟಿತ್ತು. ಮುಂದೆ ಆ ಕಡತವನ್ನು ಸದ್ದಿಲ್ಲದೆ ತೆಗೆದುಬಿಟ್ಟಿತು. ಹಳೆಯ ಷರತ್ತಿನ ಮೇಲೆ ಕಟ್ಟಿ ಮುಗಿಸಿದ ಆಟಕ್ಕೂ ಹೊಸ ಶುಲ್ಕವೆಂದಾಗ ಜನ ಆ ಹಳೆಯ ಮಾತನ್ನು ಹುಡುಕಿ ತೆಗೆದರು.

ಆಗ ಅವರೇನು ಮಾಡಿದರು? ಅವರಿಗೆ ಸಂಘವಿರಲಿಲ್ಲ, ಒಂದೇ ಊರಿನವರೂ ಅಲ್ಲ. ಆದರೂ ಒಂದಾದರು. ಕಂಪೆನಿಗೆ ಆಟಗಳೊಳಗೆ ತೋರಿಸುವ ಜಾಹೀರಾತಿನಿಂದ ಬರುವ ಹಣ ಬಹಳ. ಹಲವು ಸ್ಟುಡಿಯೋಗಳು ತಮ್ಮ ಆಟಗಳಲ್ಲಿ ಆ ಜಾಹೀರಾತನ್ನು ನಿಲ್ಲಿಸಿಬಿಟ್ಟವು. ಇದು ಅವರ ಮುಷ್ಕರ. ಅವರ ವರಮಾನಕ್ಕೂ ಕುತ್ತೇ. ಹತ್ತೇ ದಿನ. ಸೆಪ್ಟೆಂಬರ್ 22ರಂದು ಕಂಪೆನಿ ಕ್ಷಮೆ ಕೇಳಿ ಹಿಂದೆ ಸರಿಯಿತು. ಪುಕ್ಕಟೆ ಎಂಜಿನ್ನಿನವರಿಗೆ ಶುಲ್ಕವಿಲ್ಲ. ಹಳೆಯ ಆವೃತ್ತಿಗಳಿಗೆ ಶುಲ್ಕವಿಲ್ಲ. ಉಳಿದವರು ವರಮಾನದಲ್ಲಿ ನೂರಕ್ಕೆ ಎರಡೂವರೆಗಿಂತ ಹೆಚ್ಚು ಕೊಡಬೇಕಾಗಿಲ್ಲ. ಲೆಕ್ಕವನ್ನು ಆಟ ಕಟ್ಟಿದವರೇ ಬರೆದು ಕೊಡಲಿ ಎಂದಿತು. ಕೊಳಗ ಕೈ ಬದಲಾಯಿಸಿತು! ಅಕ್ಟೋಬರಿನಲ್ಲಿ ಮುಖ್ಯಾಧಿಕಾರಿ ಹುದ್ದೆ ಬಿಟ್ಟರು. 2024ರ ಸೆಪ್ಟೆಂಬರ್ 12ರಂದು, ಸರಿಯಾಗಿ ಒಂದು ವರ್ಷಕ್ಕೆ, ಆಟಗಾರಿಕೆಯವರ ಮೇಲಿನ ಈ ಶುಲ್ಕವನ್ನು ಪೂರ್ತಿಯಾಗಿ ರದ್ದು ಮಾಡಿದರು.

ಗೆದ್ದೆವೆಂದು ಚಪ್ಪಾಳೆ ತಟ್ಟುವ ಮೊದಲು ಉಳಿದದ್ದನ್ನೂ ಕೇಳಿ. ಶುಲ್ಕ ರದ್ದಾದ ದಿನವೇ ದೊಡ್ಡ ಪರವಾನಗಿಯ ಬೆಲೆಯನ್ನು ನೂರಕ್ಕೆ 8ರಷ್ಟೂ, ಅತಿ ದೊಡ್ಡ ಸಂಸ್ಥೆಗಳದನ್ನು ನೂರಕ್ಕೆ 25ರಷ್ಟೂ ಏರಿಸುವುದಾಗಿ ಕಂಪೆನಿ ಸಾರಿತು. ಅದಕ್ಕೆ ಮುಂಚೆ, 2024ರ ಜನವರಿಯಲ್ಲಿ, ಕಂಪೆನಿ ಸುಮಾರು 1800 ಜನ ನೌಕರರನ್ನು, ಅಂದರೆ ನಾಲ್ವರಲ್ಲಿ ಒಬ್ಬರನ್ನು, ಕೆಲಸದಿಂದ ತೆಗೆಯುವುದಾಗಿ ಸಾರಿತು. ಯಜಮಾನರ ತಪ್ಪು ಲೆಕ್ಕಕ್ಕೆ ನೌಕರ ತಲೆ ಕೊಟ್ಟ.

ಎಂಜಿನ್ ಮಾಡುವವರಿಗೆ ಹಣ ಬೇಡವೇ ಎಂದು ಕೇಳುವಿರಿ. ಖಂಡಿತ ಬೇಕು. ಅವರೂ ದುಡಿಯುವವರೇ, ಕಂಪೆನಿ ನಷ್ಟದಲ್ಲಿದ್ದುದೂ ನಿಜ. ಅನ್‌ರಿಯಲ್ ಎಂಬ ಇನ್ನೊಂದು ಎಂಜಿನ್ನಿನವರು ಆಟದ ವರಮಾನ 10 ಲಕ್ಷ ಡಾಲರ್ ದಾಟಿದ ಮೇಲೆ ನೂರಕ್ಕೆ 5 ಪಾಲು ಎಂದು 2020ರಲ್ಲಿ ಗೊತ್ತು ಮಾಡಿದರು. ಅದು ಹೆಚ್ಚೋ ಕಡಿಮೆಯೋ ವಾದ ಮಾಡಬಹುದು. ಆದರೆ ಕೆಲಸ ಹಿಡಿಯುವ ಮೊದಲೇ ಗೊತ್ತಿರುತ್ತದೆ. ನಮ್ಮ ತಕರಾರು ಬೆಲೆಯದಲ್ಲ. ಬೆಳೆ ಕೊಯ್ಲಿಗೆ ಬಂದಾಗ ಗೇಣಿ ಏರಿಸುವುದು, ಏರಿಸುವಾಗ ಒಕ್ಕಲನ್ನು ಒಂದು ಮಾತೂ ಕೇಳದಿರುವುದು, ಇದು ತಕರಾರು.

ಬೇರೆ ದಾರಿಯೂ ಇದೆ. ಗೋಡೋ ಎಂಬ ಎಂಜಿನ್ನನ್ನು ಅರ್ಜೆಂಟೀನಾದ ಇಬ್ಬರು ಕಟ್ಟಿ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದರ ಒಳಗುಟ್ಟು ಬಯಲಲ್ಲಿದೆ. ಯಾರೂ ಬಳಸಬಹುದು, ತಿದ್ದಬಹುದು. ಪಾಲು ಕೇಳುವ ಧಣಿ ಇಲ್ಲ. 2023ರ ಗಲಾಟೆಯಲ್ಲಿ ಟೆರೇರಿಯಾ ಎಂಬ ಆಟದವರು ಅದಕ್ಕೆ 1 ಲಕ್ಷ ಡಾಲರ್ ದಾನ ಕೊಟ್ಟರು. ಅದು ಊರ ಕೆರೆಯಿದ್ದಂತೆ. ಹೂಳೆತ್ತುವುದಕ್ಕೆ ಎಲ್ಲರೂ ಕೈ ಹಾಕಬೇಕು, ಇಲ್ಲದಿದ್ದರೆ ನೀರು ನಿಲ್ಲದು.

ವರ್ತಕ ಬಂಧುಗಳೇ, ನಿಮ್ಮ ಗಲ್ಲೆಯ ಮುಂದೆ ಅಂಟಿಸಿರುವ ಯುಪಿಐ ಚೌಕದ ಚೀಟಿಯನ್ನು ಇವತ್ತು ಮನೆಗೆ ಹೋಗುವಾಗ ಒಮ್ಮೆ ನೋಡಿ. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಆ ಹಣದ ಮೇಲೆ ಅಂಗಡಿಯವನಿಂದ ಶುಲ್ಕ ಕೂಡದೆಂದು 2020ರ ಜನವರಿಯಲ್ಲಿ ನಿಯಮವಾಯಿತು. ಅದು ಯಾವ ಕಂಪೆನಿಯ ಔದಾರ್ಯವೂ ಅಲ್ಲ, ಸರ್ಕಾರದ ಕಟ್ಟಳೆ. ಕಟ್ಟಳೆಯನ್ನು ಕಾಯುವವರಿಲ್ಲದಿದ್ದರೆ ಅದು ಸಡಿಲವಾಗಲು ಎಷ್ಟು ಹೊತ್ತು? ಪುಕ್ಕಟೆ ಕೊಟ್ಟ ಸಲಕರಣೆಯನ್ನು ಬೇಡವೆನ್ನಬೇಕಾಗಿಲ್ಲ. ಆದರೆ ಷರತ್ತನ್ನು ಬರಹದಲ್ಲಿ ಕೇಳಬೇಕು, ಬರಹವನ್ನು ಜೋಪಾನವಾಗಿ ಇಡಬೇಕು, ಲೆಕ್ಕ ನಮ್ಮಲ್ಲೂ ಒಂದು ಇರಬೇಕು, ಮತ್ತು ನಾಳೆ ಷರತ್ತು ಮುರಿದರೆ ಒಟ್ಟಾಗಿ ಕೈ ತೆಗೆಯುವ ಕಟ್ಟು ಇಂದೇ ಇರಬೇಕು.

ಸಂಘವಿಲ್ಲದ ಆ ಜನ ಹತ್ತು ದಿನದಲ್ಲಿ ಇಷ್ಟು ಮಾಡಿದರು. ನಮಗೆ ಸಂಘವಿದೆ. ಈ ತಿಂಗಳ ಚಂದಾ ಯಾರು ಯಾರು ಕೊಟ್ಟಿಲ್ಲವೋ ಅವರು ಹೊರಗೆ ಹೋಗುವಾಗ ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆಸಿ ಹೋಗಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.