ಕನ್ಸೋಲಿನ ಎರಡು ಬೀಗಗಳು

ಗೇಮ್ ಕನ್ಸೋಲ್ ಎಂದರೆ ಆಟಕ್ಕೆಂದೇ ಮಾಡಿದ ಕಂಪ್ಯೂಟರ್. ಅದರಲ್ಲಿ ಯಾವ ಆಟ ಓಡಬೇಕು, ಅದನ್ನು ಯಾರು ಮಾರಬೇಕು ಎಂಬೆರಡನ್ನೂ ಈಗ ಬಹುಮಟ್ಟಿಗೆ ತಯಾರಕರೇ ತೀರ್ಮಾನಿಸುತ್ತಾರೆ. ಹೊರಗಿನ ಆ್ಯಪ್ ಸ್ಟೋರ್‌ಗಳಿಗೆ ಅವಕಾಶ ಬೇಕೇ ಎಂಬ ಚರ್ಚೆಯಲ್ಲಿ ಈ ಎರಡು ಬೀಗಗಳನ್ನು ಬೇರೆಬೇರೆಯಾಗಿ ನೋಡಬೇಕು.

1977ರ ಅಟಾರಿ 2600ಕ್ಕೆ ಯಾವ ಬೀಗವೂ ಇರಲಿಲ್ಲ. ಅಟಾರಿ ಬಿಟ್ಟುಬಂದ ಪ್ರೋಗ್ರಾಮರ್‌ಗಳು 1979ರಲ್ಲಿ ಆ್ಯಕ್ಟಿವಿಷನ್ ಕಟ್ಟಿ ಅದೇ ಯಂತ್ರಕ್ಕೆ ಆಟ ಮಾಡಿದರು. ಅಟಾರಿ ಕೋರ್ಟಿಗೆ ಹೋಯಿತು. ರಾಯಧನ ಕೊಡುವ ಒಪ್ಪಂದದಲ್ಲಿ ವ್ಯಾಜ್ಯ ಮುಗಿಯಿತು. ಆಮೇಲೆ ಕಂಡಕಂಡವರೆಲ್ಲ ಕಾರ್ಟ್ರಿಜ್ ತಂದರು. ಮಾರಾಟವಾಗದ ಸರಕು ರಾಶಿಬಿದ್ದು 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿಯಿತು. ಆ ರಾಶಿಯಲ್ಲಿ ಅಟಾರಿಯದೇ ಆಟಗಳೂ ಸಾಕಷ್ಟಿದ್ದವು; ಹೊರಗಿನವರನ್ನಷ್ಟೇ ದೂರುವವರು ಇದನ್ನು ಹೇಳುವುದಿಲ್ಲ.

1985ರಲ್ಲಿ ಅಮೆರಿಕಕ್ಕೆ ಬಂದ ನಿಂಟೆಂಡೊದ ಎನ್‌ಇಎಸ್ ಯಂತ್ರದಲ್ಲಿ ಒಂದು ಚಿಪ್ ಇತ್ತು. ಕಾರ್ಟ್ರಿಜ್‌ನಲ್ಲಿ ಅದರ ಜೋಡಿ ಚಿಪ್ ಇಲ್ಲದಿದ್ದರೆ ಯಂತ್ರ ಪದೇಪದೇ ರೀಸೆಟ್ ಆಗುತ್ತಿತ್ತು. ಪರವಾನಗಿ ಪಡೆದವರು ವರ್ಷಕ್ಕೆ ಐದೇ ಆಟ ತರಬೇಕು, ಕಾರ್ಟ್ರಿಜ್‌ಗಳನ್ನು ನಿಂಟೆಂಡೊದಿಂದಲೇ ಮಾಡಿಸಬೇಕು, ಎರಡು ವರ್ಷ ಆ ಆಟವನ್ನು ಬೇರೆ ಕನ್ಸೋಲಿಗೆ ಕೊಡಬಾರದು ಎಂಬ ಷರತ್ತುಗಳಿದ್ದವು. ಮೊದಲನೆಯದು ಗುಣಮಟ್ಟಕ್ಕಾಗಿ ಎನ್ನಬಹುದು. ಕೊನೆಯದಕ್ಕೂ ಗುಣಮಟ್ಟಕ್ಕೂ ಏನೇನೂ ಸಂಬಂಧವಿಲ್ಲ. ಅಟಾರಿ ಗೇಮ್ಸ್ ಕಂಪನಿ ಈ ಚಿಪ್‌ನ ಪ್ರೋಗ್ರಾಮನ್ನು ಕಾಪಿರೈಟ್ ಕಚೇರಿಯಿಂದ ಸುಳ್ಳು ಹೇಳಿ ಪಡೆದು, 1992ರಲ್ಲಿ ಮೇಲ್ಮನವಿಯಲ್ಲೂ ಹಿನ್ನಡೆ ಕಂಡಿತು. ಅದೇ ವರ್ಷ, ಸೆಗಾ ಕಂಪನಿಯ ಕನ್ಸೋಲನ್ನು ತಾನೇ ಬಿಡಿಸಿ ಅರಿತುಕೊಂಡಿದ್ದ ಆಟದ ಕಂಪನಿ ಅಕೊಲೇಡ್‌ನ ಪರವಾಗಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ನಿಂತಿತು.

ಇವೆಲ್ಲ ಮೊದಲ ಬೀಗದ ಕಥೆ. ಮಾರಾಟ ಮಾತ್ರ ಅಂಗಡಿಗಳ ಕೈಯಲ್ಲೇ ಇತ್ತು. ಒಬ್ಬ ವ್ಯಾಪಾರಿ ರಿಯಾಯಿತಿ ಕೊಡುತ್ತಿದ್ದ, ಇನ್ನೊಬ್ಬ ಹಳೆಯ ಡಿಸ್ಕ್ ಕೊಂಡು ಮಾರುತ್ತಿದ್ದ, ಮತ್ತೊಬ್ಬ ಬಾಡಿಗೆಗೆ ಬಿಡುತ್ತಿದ್ದ. ಡೌನ್‌ಲೋಡ್ ಬಂದ ಮೇಲೆ ಎರಡನೆಯ ಬೀಗ ಬಿತ್ತು. 2020ರಲ್ಲಿ ಡಿಸ್ಕ್ ಡ್ರೈವ್ ಇಲ್ಲದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಬಂದವು. ಅದಕ್ಕೂ ಮುಂಚೆ, 2019ರಲ್ಲಿ, ಪೂರ್ಣ ಆಟಗಳ ಡೌನ್‌ಲೋಡ್ ಕೋಡ್‌ಗಳನ್ನು ಬೇರೆ ಅಂಗಡಿಗಳು ಮಾರುವುದನ್ನು ಸೋನಿ ನಿಲ್ಲಿಸಿತ್ತು.

ಯಂತ್ರವನ್ನು ನಷ್ಟಕ್ಕೆ ಮಾರುತ್ತೇವೆ, ಆಟಗಳ ಮೇಲಿನ ಕಮಿಷನ್‌ನಿಂದ ಸರಿದೂಗಿಸುತ್ತೇವೆ ಎಂಬುದು ತಯಾರಕರ ಮುಖ್ಯ ವಾದ. ಆಟದ ಕಂಪನಿ ಎಪಿಕ್ ಮತ್ತು ಆ್ಯಪಲ್ ನಡುವಣ ಮೊಕದ್ದಮೆಯಲ್ಲಿ, 2021ರಲ್ಲಿ, ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು ಎಕ್ಸ್‌ಬಾಕ್ಸ್ ಯಂತ್ರಗಳಿಂದ ಎಂದೂ ಲಾಭ ಬಂದಿಲ್ಲವೆಂದು ಸಾಕ್ಷ್ಯ ನುಡಿದರು. ಈ ಮಾತು ಎಲ್ಲ ತಯಾರಕರಿಗೂ ಅನ್ವಯಿಸುವುದಿಲ್ಲ. ಡಿಸ್ಕ್ ಇರುವ ಪ್ಲೇಸ್ಟೇಷನ್ 5 ಈಗ ನಷ್ಟದಲ್ಲಿ ಮಾರಾಟವಾಗುತ್ತಿಲ್ಲವೆಂದು ಸೋನಿ ಅದೇ ವರ್ಷ ಹೇಳಿತು. ಮರುವರ್ಷ ಹಲವು ದೇಶಗಳಲ್ಲಿ ಬೆಲೆಯನ್ನೂ ಏರಿಸಿತು.

ಎರಡನೆಯ ವಾದ ಸುರಕ್ಷತೆಯದು. ಇದರಲ್ಲಿ ಹುರುಳಿದೆ: ಆನ್‌ಲೈನ್ ಆಟದಲ್ಲಿ ಒಬ್ಬನ ಮೋಸದ ಪ್ರೋಗ್ರಾಂ ಉಳಿದವರೆಲ್ಲರ ಆಟ ಕೆಡಿಸುತ್ತದೆ, ನಕಲಿ ಪ್ರತಿಗಳೂ ಹೆಚ್ಚುತ್ತವೆ. ಆದರೆ ಇದು ಮೊದಲ ಬೀಗವನ್ನು ಮಾತ್ರ ಸಮರ್ಥಿಸುತ್ತದೆ. ತಯಾರಕರೇ ಪರೀಕ್ಷಿಸಿ ಸಹಿ ಹಾಕಿದ ಆಟವನ್ನು ಬೇರೊಂದು ಅಂಗಡಿ ಮಾರಿದರೆ ಯಂತ್ರಕ್ಕೆ ಅಪಾಯವಿಲ್ಲ. 2019ರವರೆಗೆ ಸೋನಿಯ ಕೋಡ್‌ಗಳ ಮಾರಾಟ ನಡೆದದ್ದೇ ಹೀಗೆ. ಆದ್ದರಿಂದ ಪರೀಕ್ಷೆಯ ಅಧಿಕಾರ ತಯಾರಕರಲ್ಲೇ ಉಳಿದು, ಮಾರಾಟ ಹೊರಗಿನ ಸ್ಟೋರ್‌ಗಳಿಗೆ ತೆರೆಯುವುದು ನ್ಯಾಯ. ತಯಾರಕರು ತಮ್ಮ ಅಂಗಡಿಯನ್ನೇ ಮುಚ್ಚಿದ ಯಂತ್ರಗಳಲ್ಲಿ ಮೊದಲ ಬೀಗಕ್ಕೂ ಬಲವಾದ ಕಾರಣ ಉಳಿಯುವುದಿಲ್ಲ. 2023ರ ಮಾರ್ಚ್‌ನಲ್ಲಿ ನಿಂಟೆಂಡೊ 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ ಖರೀದಿ ನಿಂತಿತು. ಡೌನ್‌ಲೋಡ್ ರೂಪದಲ್ಲಷ್ಟೇ ಇದ್ದ ಆಟಗಳನ್ನು ಆ ಯಂತ್ರಗಳಿಗೆ ಹೊಸದಾಗಿ ಕೊಳ್ಳುವ ದಾರಿಯೇ ಇಲ್ಲವಾಯಿತು.

ಕಾನೂನು ಇನ್ನೂ ಇಲ್ಲಿಗೆ ಬಂದಿಲ್ಲ. ಫೋನಿನ ಬೀಗ ಬಿಚ್ಚಲು 2010ರಲ್ಲಿ ವಿನಾಯಿತಿ ಕೊಟ್ಟ ಅಮೆರಿಕ, ಕನ್ಸೋಲಿಗೆ 2012ರಲ್ಲಿ ಅದನ್ನು ನಿರಾಕರಿಸಿತು. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಿಂದಾಗಿ 2024ರ ಮಾರ್ಚ್‌ನಲ್ಲಿ ಐಫೋನ್ ಅಲ್ಲಿ ಹೊರಗಿನ ಸ್ಟೋರ್‌ಗಳಿಗೆ ತೆರೆದುಕೊಂಡಾಗಲೂ ಕನ್ಸೋಲ್‌ಗಳು ಅದರ ವ್ಯಾಪ್ತಿಯ ಹೊರಗೇ ಉಳಿದವು.